‘ನಾನು’ ಎಂಬ ಗ್ರೂಪಿನಲ್ಲಿ ಇಬ್ಬರು

ಜ್ಞಾನೇಶ್ ಮೇಷ್ಟ್ರು ತಿಪಟೂರಿನ ಪಕ್ಕದ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾರೆ. ಆದರೆ ಅವರನ್ನು ಸಮಾಜ ವಿಜ್ಞಾನದ ಮೇಷ್ಟ್ರು ಎಂದು ಯಾರೂ ಗುರುತಿಸುವುದಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕಿಗೆ ಅವರು ಮೈಕ್ ಮೇಷ್ಟ್ರು. ಆರತಕ್ಷತೆ, ಬೀಳ್ಕೊಡುಗೆ, ಕಟ್ಟಡದ ಉದ್ಘಾಟನೆ, ತೀರಿಕೊಂಡವರಿಗೆ ನುಡಿನಮನ, ಎಲ್ಲಿ ಶಾಮಿಯಾನ ಎದ್ದರೂ ನಿರೂಪಣೆ ಅವರದೇ. ‘ಕೈಯಲ್ಲಿ ಒಂದು ಚೀಟಿ ಇರಲ್ಲ ನೋಡಿ’ ಎಂದು ಜನ ಹೊಗಳುತ್ತಾರೆ.

ಈ ಚೀಟಿಯಿಲ್ಲದ ಖ್ಯಾತಿ ಶುರುವಾದದ್ದು ಇಪ್ಪತ್ತಾರು ವರ್ಷದ ಹಿಂದೆ, ಕೆಂಕೆರೆಯ ಒಂದು ಶಾಲಾ ವಾರ್ಷಿಕೋತ್ಸವದಲ್ಲಿ. ಅಂದು ಅವರು ಚೀಟಿಯನ್ನು ಬಸ್ಸಿನಲ್ಲಿ ಮರೆತು ಇಳಿದಿದ್ದರು. ಬೇರೆ ದಾರಿಯಿಲ್ಲದೆ ಬಾಯಿಗೆ ಬಂದದ್ದನ್ನು ಹೇಳಿದರು. ಮಾರನೆಯ ದಿನ ಊರೆಲ್ಲ ‘ಏನು ನೆನಪಿನ ಶಕ್ತಿ’ ಎಂದಿತು. ಚೀಟಿ ಕಳೆದುಕೊಂಡ ವಿಷಯ ಹೇಳಲು ಮೇಷ್ಟ್ರಿಗೆ ಬಾಯಿ ಬರಲಿಲ್ಲ. ಆಮೇಲೆ ಹೇಳುವ ಕಾಲ ಮೀರಿಹೋಯಿತು. ಈಗ ತಮಗೆ ತಾವೇ ನಗುತ್ತ ಹೇಳಿಕೊಳ್ಳುತ್ತಾರೆ, ತಮ್ಮ ಅರ್ಧ ಆಯುಷ್ಯ ಒಂದು ಬಸ್ಸಿನ ಸೀಟಿನ ಮೇಲೆ ನಿಂತಿದೆ ಎಂದು.

ನಲವತ್ತೈದು ದಾಟಿದ ಮೇಲೆ ನೆನಪು ಕೈಕೊಡತೊಡಗಿತು. ಆಗ ಮೊಬೈಲು ಕಾಪಾಡಿತು. ಚೀಟಿ ಹಿಡಿದರೆ ಜನ ನೋಡುತ್ತಾರೆ, ಮೊಬೈಲು ಹಿಡಿದರೆ ಟೈಮ್ ನೋಡುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಆದರೆ ಮೊಬೈಲಿನಲ್ಲಿ ಟೈಪ್ ಮಾಡುವುದು ಮೇಷ್ಟ್ರ ದಪ್ಪ ಬೆರಳಿಗೆ ಒಗ್ಗಲಿಲ್ಲ. ಶ್ರೀಮತಿ ಎಂದು ಬರೆಯಹೋದರೆ ಶ್ರೀಮಂತ ಆಗುತ್ತಿತ್ತು. ಹಾಗಾಗಿ ಬರೆಯುವುದು ಮನೆಯ ಕಂಪ್ಯೂಟರಿನಲ್ಲಿ, ಓದುವುದು ವೇದಿಕೆ ಮೇಲೆ ಮೊಬೈಲಿನಲ್ಲಿ ಎಂದು ಗೊತ್ತು ಮಾಡಿಕೊಂಡರು. ಅದನ್ನು ಇಲ್ಲಿಂದ ಅಲ್ಲಿಗೆ ದಾಟಿಸುವುದು ಹೇಗೆ ಎಂಬುದೇ ದೊಡ್ಡ ಸಮಸ್ಯೆಯಾಯಿತು.

ಅದಕ್ಕೆಂದೇ ಇರುವ ಒಂದು ಆ್ಯಪನ್ನು ಮಗಳು ಇಂಪನಾ ಹಾಕಿಕೊಟ್ಟಳು. ಕಂಪ್ಯೂಟರಿನಲ್ಲಿ ಬರೆದದ್ದು ತಾನಾಗಿಯೇ ಮೊಬೈಲಿನಲ್ಲಿ ಕಾಣಿಸುತ್ತಿತ್ತು. ತಿಂಗಳಾದ ಮೇಲೆ ಅದು ಚಂದಾ ಕೇಳಿತು. ‘ನಾನು ಬರೆದದ್ದನ್ನು ನಾನು ಓದೋಕೆ ಇವರಿಗೆ ಯಾಕೆ ದುಡ್ಡು’ ಎಂದು ಮೇಷ್ಟ್ರು ಅದನ್ನು ತೆಗೆದುಹಾಕಿದರು. ಪೆನ್‌ಡ್ರೈವ್ ಅಂಗಿಯ ಜೇಬಿನಲ್ಲೇ ಉಳಿದು ವಾಷಿಂಗ್ ಮೆಷಿನ್ನಿನಲ್ಲಿ ಎರಡು ಸಲ ಒಗೆಸಿಕೊಂಡು ಬಂತು. ಕೊನೆಗೆ ತಮ್ಮದೇ ಒಂದು ಉಪಾಯ ಕಂಡುಕೊಂಡರು. ಕಂಪ್ಯೂಟರಿನ ಪರದೆಯ ಫೋಟೊವನ್ನು ಮೊಬೈಲಿನಲ್ಲಿ ಹೊಡೆದುಕೊಳ್ಳುವುದು, ವೇದಿಕೆಯ ಮೇಲೆ ಎರಡು ಬೆರಳಿನಿಂದ ಹಿಗ್ಗಿಸಿ ಓದುವುದು. ತುರುವೇಕೆರೆಯಲ್ಲಿ ಒಬ್ಬ ಮುಖ್ಯೋಪಾಧ್ಯಾಯರ ಸನ್ಮಾನದಲ್ಲಿ ಬೆರಳು ಜಾರಿ ಪಕ್ಕದ ಫೋಟೊ ಬಂತು. ಮೇಷ್ಟ್ರು ಗಮನಿಸದೆ, ತುಂಬಿದ ಸಭೆಯಲ್ಲಿ, “ಇನ್ನು ಸನ್ಮಾನಿತರ ಸಾಧನೆಗಳು. ಹಿಮೋಗ್ಲೋಬಿನ್ ಹನ್ನೆರಡೂವರೆ,” ಎಂದು ಓದಿದರು. ಅದು ಅವರದೇ ರಕ್ತ ಪರೀಕ್ಷೆಯ ವರದಿ. ಜನ ಅದನ್ನೂ ಹಾಸ್ಯವೆಂದು ತಿಳಿದು ಚಪ್ಪಾಳೆ ಹೊಡೆದದ್ದು ಅವರ ಪುಣ್ಯ.

ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಕಲ್ಲೇಶ್ ಈ ಕತೆ ಕೇಳಿ ಒಂದು ದಾರಿ ಹೇಳಿದ. ವಾಟ್ಸಾಪಿನಲ್ಲಿ ಯಾರಾದರೂ ಒಬ್ಬರನ್ನು ಸೇರಿಸಿಕೊಂಡು ಒಂದು ಗ್ರೂಪ್ ಮಾಡಿ, ತಕ್ಷಣ ಆ ಒಬ್ಬರನ್ನು ತೆಗೆದುಹಾಕಿ. ಗ್ರೂಪಿನಲ್ಲಿ ನೀವೊಬ್ಬರೇ ಉಳಿಯುತ್ತೀರಿ. ಅದೇ ವಾಟ್ಸಾಪನ್ನು ಕಂಪ್ಯೂಟರಿನಲ್ಲೂ ತೆರೆದರೆ ಅಲ್ಲಿ ಬರೆದದ್ದು ಇಲ್ಲಿ, ಇಲ್ಲಿ ಬರೆದದ್ದು ಅಲ್ಲಿ. ಎಲ್ಲಾ ಬಿಟ್ಟಿ. ಬಿಟ್ಟಿ ಎಂಬ ಮಾತು ಕೇಳಿ ಮೇಷ್ಟ್ರಿಗೆ ಕಲ್ಲೇಶನ ಮೇಲೆ ಗೌರವವೇ ಹುಟ್ಟಿತು.

ಅವತ್ತು ಸಂಜೆ ಮನೆಗೆ ಬಂದು ಕೂತು ಗ್ರೂಪ್ ಮಾಡಿದರು. ಹೆಸರು ‘ನಾನು’ ಎಂದಿಟ್ಟರು. ಯಾರನ್ನಾದರೂ ಸೇರಿಸು ಎಂದು ಮೊಬೈಲು ಕೇಳಿದಾಗ ಮೇಲುಗಡೆಯೇ ಕಂಡ ‘ಅತ್ತೆ ಕಂದಿಕೆರೆ’ ಎಂಬ ಹೆಸರನ್ನು ಒತ್ತಿದರು. ಇನ್ನೇನು ತೆಗೆಯಬೇಕು, ಅಷ್ಟರಲ್ಲಿ ಯಾರೋ ಗೃಹಪ್ರವೇಶದ ನಿರೂಪಣೆಗೆ ಕರೆ ಮಾಡಿದರು. ಹತ್ತು ನಿಮಿಷ ಮಾತಾಡಿ ಫೋನಿಟ್ಟು, ಗ್ರೂಪ್ ತೆರೆದು, ಮೊದಲ ಟಿಪ್ಪಣಿ ಬರೆದು, ಅದು ಕಂಪ್ಯೂಟರಿನಲ್ಲೂ ಕಂಡದ್ದನ್ನು ನೋಡಿ ಹಿಗ್ಗಿದರು. ತೆಗೆಯುವ ಕೆಲಸ ಹಾಗೇ ಉಳಿಯಿತು.

ಕಂದಿಕೆರೆಯ ಅತ್ತೆ ಎಂದರೆ ಹೊಂಬಾಳಮ್ಮ, ಹೆಂಡತಿ ಭಾನುಪ್ರಿಯಾಳ ತಾಯಿ. ಅರವತ್ತೆಂಟರ ಗಟ್ಟಿ ಹೆಂಗಸು. ಏಳನೇ ತರಗತಿ ಓದಿದವರು. ಮಗ ಸೊಸೆಯ ಜೊತೆ ತೋಟದ ಮನೆಯಲ್ಲಿದ್ದು, ನಾಲ್ಕು ಹಸು ಕಟ್ಟಿ, ಊರಿನ ಮಹಿಳಾ ಹಾಲು ಸಂಘದ ಅಧ್ಯಕ್ಷೆಯೂ ಆಗಿದ್ದರು. ಸಂಘದ ಸುದ್ದಿಯೆಲ್ಲ ವಾಟ್ಸಾಪಿನಲ್ಲೇ ಬರುವುದರಿಂದ ಓದುವುದನ್ನು ಚೆನ್ನಾಗಿ ಕಲಿತಿದ್ದರು. ಬರೆಯುವ ಗೋಜಿಗೆ ಹೋಗುತ್ತಿರಲಿಲ್ಲ. ಅಳಿಯನೊಂದಿಗೆ ಅವರದು ಹಳೆಯ ಕಾಲದ ಮರ್ಯಾದೆ. ಬನ್ನಿ, ಕೂತ್ಕೊಳ್ಳಿ, ಊಟ ಮಾಡಿ ಎನ್ನುವುದನ್ನು ಬಿಟ್ಟರೆ ಇಪ್ಪತ್ತು ವರ್ಷದಲ್ಲಿ ಇಬ್ಬರೂ ಹೆಚ್ಚು ಮಾತಾಡಿರಲಿಲ್ಲ.

‘ನಾನು’ ಗ್ರೂಪಿನಲ್ಲಿ ಮೇಷ್ಟ್ರು ಮೊದಮೊದಲು ಕಾರ್ಯಕ್ರಮದ ಟಿಪ್ಪಣಿಗಳನ್ನಷ್ಟೇ ಬರೆಯುತ್ತಿದ್ದರು. ‘ನಿವೃತ್ತ ಅಧಿಕಾರಿ ಬಸವರಾಜು. ಮೈಕ್ ಸಿಕ್ಕರೆ ನಲವತ್ತು ನಿಮಿಷ. ಚೀಟಿ ಕಳಿಸಬಾರದು, ಚೀಟಿಯನ್ನೂ ಓದುತ್ತಾರೆ.’ ‘ಇಲ್ಲಿ ಗಂಟಲು ಕಟ್ಟಬೇಕು. ಎರಡು ಕ್ಷಣ ನಿಲ್ಲು. ಕನ್ನಡಕ ತೆಗಿ.’ ನುಡಿನಮನದಲ್ಲಿ ಮೈಕ್ ಮೇಷ್ಟ್ರ ಗಂಟಲು ಕಟ್ಟುವುದನ್ನು ನೋಡಿ ಅತ್ತವರು ಮೂರು ತಾಲ್ಲೂಕಿನಲ್ಲಿದ್ದಾರೆ.

ಕ್ರಮೇಣ ಬೇರೆಯದೂ ಸೇರಿಕೊಂಡಿತು. ಬರೆಯಲು ಒಂದು ಜಾಗ, ಓದುವವರು ತಾವೊಬ್ಬರೇ ಎಂಬ ನೆಮ್ಮದಿ ಸಿಕ್ಕರೆ ಮನುಷ್ಯ ಏನನ್ನು ತಾನೇ ಬರೆಯುವುದಿಲ್ಲ. ‘ಮೆಟ್ಟಿಲು ಇಳಿಯುವಾಗ ಎಡ ಮೊಣಕಾಲು ಕಟಕ್ ಅನ್ನುತ್ತೆ.’ ‘ಹತ್ತನೇ ತರಗತಿಯವರಿಗೆ ಇವತ್ತು ಸುಮ್ಮನೆ ಬೈದೆ. ತಪ್ಪು ನನ್ನದು.’ ‘ಅತ್ತೆ ಮನೆ. ಉಪ್ಪಿಟ್ಟು. ಮತ್ತೆ ಉಪ್ಪಿಟ್ಟು.’ ಪ್ರತಿ ಟಿಪ್ಪಣಿಯ ಕೆಳಗೂ ಎರಡು ನೀಲಿ ಗುರುತು ಬೀಳುತ್ತಿದ್ದವು. ಮೊಬೈಲಿನಲ್ಲಿ ಬರೆದದ್ದನ್ನು ಕಂಪ್ಯೂಟರು ಓದಿಕೊಂಡಿದೆ ಎಂದು ಅದರ ಅರ್ಥ ಎಂದು ಮೇಷ್ಟ್ರು ತಮಗೆ ತಾವೇ ತೀರ್ಮಾನಿಸಿಕೊಂಡಿದ್ದರು. ಕಲ್ಲೇಶನನ್ನು ಕೇಳಬಹುದಿತ್ತು. ಇಷ್ಟೂ ಗೊತ್ತಿಲ್ಲವೇ ಎಂದಾನೆಂದು ಕೇಳಲಿಲ್ಲ.

ಅದೇ ಸುಮಾರಿಗೆ ಕಂದಿಕೆರೆಯಲ್ಲಿ ಅವರ ಗ್ರಹಗತಿ ಬದಲಾಯಿತು. ಹೋದಾಗಲೆಲ್ಲ ಒತ್ತು ಶಾವಿಗೆ, ಕಾಯಿಹಾಲು. ಇಲ್ಲವೇ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಉಪ್ಪಿಟ್ಟು ಆ ಮನೆಯಿಂದಲೇ ಮಾಯವಾಯಿತು. ಒಂದು ಸಲ ಭಾನುಪ್ರಿಯಾಳ ಕೈಯಲ್ಲಿ ಲಕ್ಕಿಸೊಪ್ಪು ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯ ಬಾಟಲಿ ಬಂತು, ಅಳಿಯಂದ್ರ ಎಡ ಮೊಣಕಾಲಿಗೆ ಎಂಬ ಮಾತಿನೊಂದಿಗೆ. ಎಡ ಎಂದು ಅವರಿಗೆ ಹೇಗೆ ಗೊತ್ತಾಯಿತು ಎಂದು ಮೇಷ್ಟ್ರು ಯೋಚಿಸಲಿಲ್ಲ. ತಮ್ಮ ವ್ಯಕ್ತಿತ್ವದ ಬೆಲೆ ಕೊನೆಗೂ ಅತ್ತೆಗೆ ತಿಳಿಯಿತು ಎಂದುಕೊಂಡು ಎಣ್ಣೆ ತಿಕ್ಕಿಕೊಂಡರು.

ಆಷಾಢದಲ್ಲಿ ಅವರು ಬರೆದ ಒಂದು ಟಿಪ್ಪಣಿ ಹೀಗಿತ್ತು: ‘ಕಿವಿ ಡಾಕ್ಟ್ರು ಹೇಳಿದ್ದು. ಬಲಗಿವಿ ಮುಕ್ಕಾಲು ಪಾಲು ಹೋಗಿದೆ. ಮೆಷಿನ್ ಹಾಕಿಸಬೇಕಂತೆ. ಭಾನುಗೆ ಹೇಳಬಾರದು. ಯಾರಿಗೂ ಹೇಳಬಾರದು. ಕಿವುಡ ನಿರೂಪಕ ಯಾರಿಗೆ ಬೇಕು.’

ವೇದಿಕೆಯ ಮೇಲೆ ಬಲಕ್ಕೆ ಕೂತ ಅತಿಥಿ ಕಿವಿಯಲ್ಲಿ ಏನಾದರೂ ಪಿಸುಗುಟ್ಟಿದರೆ ಅವರು ಸುಮ್ಮನೆ ನಕ್ಕು ತಲೆಯಾಡಿಸುತ್ತಿದ್ದ ಕಾಲ ಅದು. ಹೀಗೆ ತಲೆಯಾಡಿಸಿಯೇ ಒಮ್ಮೆ ಶಾಲೆಯ ಕ್ರೀಡಾಕೂಟದ ಉಸ್ತುವಾರಿಯನ್ನು ಒಪ್ಪಿಕೊಂಡುಬಿಟ್ಟಿದ್ದರು. ಪೆರೇಡಿನ ದಿನವೇ ಅವರಿಗೆ ಅದು ಗೊತ್ತಾದದ್ದು.

ಕಾರ್ತಿಕದ ಒಂದು ಭಾನುವಾರ ಕಂದಿಕೆರೆಯ ಮಹಿಳಾ ಹಾಲು ಸಂಘದ ಹೊಸ ಕಟ್ಟಡದ ಉದ್ಘಾಟನೆ. ಅಧ್ಯಕ್ಷೆ ಅತ್ತೆ, ನಿರೂಪಣೆ ಅಳಿಯ. ಮೇಷ್ಟ್ರು ಮೂರು ದಿನ ಕೂತು ಟಿಪ್ಪಣಿ ಬರೆದರು. ಹನ್ನೊಂದು ಜನ ಅತಿಥಿಗಳು, ಎಲ್ಲರಿಗೂ ಹೊಗಳಿಕೆ, ಮುಖ್ಯ ಭಾಷಣಕ್ಕೆ ಅದೇ ಬಸವರಾಜು. ಬೆಳಿಗ್ಗೆ ಹೆಂಡತಿ ಮಗಳೊಂದಿಗೆ ತಿಪಟೂರಿನಿಂದ ಬಸ್ಸು ಹತ್ತಿದರು. ಪಕ್ಕದ ಸೀಟಿನಲ್ಲಿ ಪರಿಚಯದವರೊಬ್ಬರು ಸಿಕ್ಕರು. ಹೋದ ವರ್ಷದ ಒಂದು ನಿರೂಪಣೆಯ ವಿಡಿಯೊ ತೋರಿಸುತ್ತೇನೆಂದು ಮೇಷ್ಟ್ರು ಮೊಬೈಲು ತೆಗೆದರು. ಅದು ಮುಗಿದ ಮೇಲೆ ಇನ್ನೊಂದು. ಚಿಕ್ಕನಾಯಕನಹಳ್ಳಿಯಲ್ಲಿ ಆ ಮನುಷ್ಯ ಇಳಿದುಹೋದರು. ಮೇಷ್ಟ್ರು ತಮ್ಮ ವಿಡಿಯೊವನ್ನು ತಾವೇ ನೋಡುತ್ತ ಕಂದಿಕೆರೆ ತಲುಪಿದರು.

ಶಾಮಿಯಾನದ ಕೆಳಗೆ ಹೊಂಬಾಳಮ್ಮ ಹಸಿರು ರೇಷ್ಮೆ ಸೀರೆ ಉಟ್ಟು ಓಡಾಡುತ್ತಿದ್ದರು. ನಿರೂಪಕರ ಮೈಕ್ ಸ್ಟ್ಯಾಂಡ್ ವೇದಿಕೆಯ ಒಂದು ತುದಿಯಲ್ಲಿತ್ತು. ಅದನ್ನು ಎತ್ತಿಸಿ ಇನ್ನೊಂದು ತುದಿಗೆ ಇಡಿಸಿದರು. ಮೈಕ್ ಸೆಟ್‌ನವನು ವೈರ್ ಸಾಲುವುದಿಲ್ಲ ಎಂದು ಗೊಣಗಿದ. ಸಾಲದಿದ್ದರೆ ತಗೊಂಡು ಬಾ ಎಂದು ಅವನನ್ನು ಕಳಿಸಿದರು.

ಸಭೆ ಚೆನ್ನಾಗಿಯೇ ಶುರುವಾಯಿತು. ಪ್ರಾರ್ಥನೆ, ದೀಪ, ಸ್ವಾಗತ. ನಾಲ್ಕು ಜನ ಅತಿಥಿಗಳನ್ನು ಮೇಷ್ಟ್ರು ಮನಸಾರೆ ಹೊಗಳಿದರು. ಐದನೆಯವರ ಹೆಸರಿಗೆಂದು ಟೈಮ್ ನೋಡುವವರಂತೆ ಮೊಬೈಲಿನತ್ತ ಕಣ್ಣು ಹಾಯಿಸಿದರೆ ಪರದೆ ಕಪ್ಪಾಗಿತ್ತು. ಗುಂಡಿ ಒತ್ತಿದರು. ಖಾಲಿ ಬ್ಯಾಟರಿಯ ಚಿತ್ರವೊಂದು ಬಂದು ಹೋಯಿತು. ಇನ್ನೊಮ್ಮೆ ಒತ್ತಿದರು. ಅದೂ ಬರಲಿಲ್ಲ.

ಇಪ್ಪತ್ತಾರು ವರ್ಷದ ಹಿಂದೆ ಕೆಂಕೆರೆಯಲ್ಲಿ ಬಾಯಿಗೆ ಬಂದ ಮಾತು ಇಂದು ಬರಲಿಲ್ಲ. “ಈಗ...” ಎಂದರು. “ಈಗ, ನಮ್ಮ ನಡುವೆ ಇರುವಂಥ...” ಎಂದು ನಿಂತರು. ನಮ್ಮ ನಡುವೆ ಯಾರಿದ್ದಾರೆಂದು ಅವರಿಗೆ ನೆನಪಾಗಲಿಲ್ಲ. ಮುನ್ನೂರು ಜನ ಕಾದರು. ಎದುರಿನ ಸಾಲಿನಲ್ಲಿದ್ದ ಭಾನುಪ್ರಿಯಾ ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡಳು.

ಆಗ ಎಡಗಡೆಯಿಂದ ಹೊಂಬಾಳಮ್ಮ ಎದ್ದು ಬಂದರು. ಕನ್ನಡಕ ಮೂಗಿನ ತುದಿಗಿತ್ತು. ಕೈಯಲ್ಲಿ ಅವರ ಮೊಬೈಲಿತ್ತು. ಅದನ್ನು ಅಳಿಯನ ಮುಂದೆ ಹಿಡಿದು, ಮೈಕಿಗೆ ಸಿಗದಷ್ಟು ಮೆಲ್ಲಗೆ ಹೇಳಿದರು.

“ಇಗಳಿ ಅಳಿಯಂದ್ರೇ, ಇದ್ರಾಗೇ ಐತೆ. ಐದ್ನೇವ್ರು ಪಶು ಡಾಕ್ಟ್ರು. ಅವ್ರ ಮೀಸೆ ಬಗ್ಗೆ ಒಂದ್ ಮಾತು ಅಂತ ಬರ್ದಿದೀರಾ.”

ಮೇಷ್ಟ್ರು ನೋಡಿದರು. ಮೇಲ್ಗಡೆ ‘ನಾನು’ ಎಂದಿತ್ತು. ಕೆಳಗೆ ಅವರ ಟಿಪ್ಪಣಿ, ಅಕ್ಷರ ದೊಡ್ಡದಾಗಿ, ಒಂದೂ ತಪ್ಪದೆ. ಇದು ಅತ್ತೆಯ ಮೊಬೈಲಿಗೆ ಹೇಗೆ ಬಂತೆಂದು ಕೇಳಬೇಕೆನಿಸಿತು. ಆದರೆ ಮುನ್ನೂರು ಜನ ಕಾಯುತ್ತಿದ್ದರು. ಅವರು ಪಶುವೈದ್ಯರ ಮೀಸೆಯನ್ನು ಹೊಗಳಿದರು. ಆರನೆಯವರನ್ನು ಹೊಗಳಿದರು. ಬಸವರಾಜು ಐವತ್ತು ನಿಮಿಷ ಮಾತಾಡಿದರು. ಆ ಐವತ್ತು ನಿಮಿಷವೂ ಮೇಷ್ಟ್ರು ಮೈಕ್ ಸ್ಟ್ಯಾಂಡಿನ ಪಕ್ಕ ನಿಂತು ಅತ್ತೆಯ ಮೊಬೈಲಿನಲ್ಲಿ ಹಿಂದಕ್ಕೆ ಹಿಂದಕ್ಕೆ ಹೋಗಿ ತಮ್ಮನ್ನು ತಾವು ಓದಿಕೊಂಡರು. ಗಂಟಲು ಕಟ್ಟಬೇಕು. ಕನ್ನಡಕ ತೆಗಿ. ಮೊಣಕಾಲು. ಉಪ್ಪಿಟ್ಟು. ‘ಅತ್ತೆ ಹಸುವಿನ ವಿಷಯ ಎತ್ತಿದರೆ ನಾಲ್ಕು ಗಂಟೆ ಬಸ್ಸು ತಪ್ಪುತ್ತದೆ, ಮೊದಲೇ ಏಳಬೇಕು.’ ಆಷಾಢದ ಟಿಪ್ಪಣಿ ಬಂದಾಗ ಅವರು ತಲೆಯೆತ್ತಿ ನೋಡಿದರು. ಮೈಕ್ ಸ್ಟ್ಯಾಂಡ್ ಈಗಿರುವ ಕಡೆಯಿಂದ ವೇದಿಕೆಯವರೆಲ್ಲ ಅವರ ಎಡಕ್ಕೆ ಸಿಗುತ್ತಿದ್ದರು. ಕೆಲವು ತಿಂಗಳಿಂದ ಈ ಮನೆಯಲ್ಲಿ ಊಟಕ್ಕೆ ಕೂರುವಾಗಲೂ ಅತ್ತೆ ಎಡಗಡೆಯೇ ನಿಂತು ಬಡಿಸುತ್ತಿದ್ದುದು ಆಗ ತಲೆಗೆ ಹೊಳೆಯಿತು.

ಊಟವಾದ ಮೇಲೆ ತೋಟದ ಮನೆಯ ಹಿಂದೆ, ಕೊಟ್ಟಿಗೆಯ ಬಳಿ, ಇಬ್ಬರೇ ಸಿಕ್ಕರು. ಮೇಷ್ಟ್ರು ಮೊಬೈಲನ್ನು ವಾಪಸು ಕೊಟ್ಟರು.

“ಅತ್ತೆ, ನೀವು ಎಲ್ಲಾನೂ ಓದಿದ್ರಾ?”

“ದಿನಾ ಓದ್ತಿದ್ದೆ. ಹಾಲು ಕರ್ದು ಬಂದು ಕೂತ್ಕಂಡು ಅದೊಂದು ಓದಿದ್ರೇನೇ ನಂಗೆ ಕಾಪಿ.”

“ಒಂದು ಮಾತು ಹೇಳ್ಬೋದಿತ್ತಲ್ಲ.”

“ನೀವು ಏನೂ ಕೇಳಿರ್ಲಿಲ್ವಲ್ಲ. ನಾನು ಅಂತ ಹೆಸ್ರು ಬೇರೆ ಹಾಕಿದ್ರಿ. ಇದು ನಾನು ಕಣ್ರೀ, ಇಂಗಿದೀನಿ ಅಂತ ನಂಗೆ ಹೇಳ್ಕತಾವ್ರೆ ಅಂದ್ಕಂಡೆ. ಎದ್ರುಗೆ ಹೇಳಕ್ಕಾಗ್ದಿದ್ದು ಬರ್ದು ಕಳಿಸ್ತಾರೆ, ಓದ್ಕಂಡು ಸುಮ್ಕಿರ್ಬೇಕು ಅಂತ.”

ಹೌದು ಅತ್ತೆ, ನಿಮಗೇ ಬರೆದದ್ದು ಎಂದು ಹೇಳಿಬಿಡಬಹುದಿತ್ತು. ವೇದಿಕೆಯ ಮೇಲಾಗಿದ್ದರೆ ಮೇಷ್ಟ್ರು ಅದನ್ನೇ ಹೇಳುತ್ತಿದ್ದರು, ಗಂಟಲನ್ನೂ ಕಟ್ಟಿಸಿಕೊಳ್ಳುತ್ತಿದ್ದರು. ಇಲ್ಲಿ ಆಗಲಿಲ್ಲ. ಕಲ್ಲೇಶ ಹೇಳಿಕೊಟ್ಟದ್ದು, ಗೃಹಪ್ರವೇಶದ ಕರೆ, ತೆಗೆಯಲು ಮರೆತದ್ದು, ನೀಲಿ ಗುರುತು, ಎಲ್ಲವನ್ನೂ ಒಂದೂ ಬಿಡದೆ ಒಪ್ಪಿಸಿದರು.

ಹೊಂಬಾಳಮ್ಮ ಕೇಳಿಸಿಕೊಂಡರು. ಅವರ ಮುಖ ಸಣ್ಣದಾಯಿತು. “ಹಂಗಾರೆ ನಂಗಲ್ಲ ಬರ್ದಿದ್ದು. ನಾನು ಕದ್ದು ಓದ್ದಂಗಾಯ್ತು,” ಎಂದರು.

ತಮ್ಮ ಮಾನ ಹೋದದ್ದಕ್ಕಿಂತ ಈ ಮಾತು ಮೇಷ್ಟ್ರನ್ನು ಹೆಚ್ಚು ಚುಚ್ಚಿತು. ಅತ್ತೆಯದೇನೂ ತಪ್ಪಿಲ್ಲ, ಉಪ್ಪಿಟ್ಟಿನ ಮಾತಿಗೆ ಕ್ಷಮಿಸಿ ಎಂದು ತಡವರಿಸಿದರು. ಹೊಂಬಾಳಮ್ಮ ಹಸುವಿನ ಮುಂದಿದ್ದ ಹುಲ್ಲನ್ನು ಕಾಲಲ್ಲಿ ಒಟ್ಟುಮಾಡಿದರು.

“ಉಪ್ಪಿಟ್ಟು ನಂಗೂ ಸೇರಕ್ಕಿಲ್ಲ. ನಿಮಗೆ ಇಷ್ಟ ಅಂತ ಮದ್ವೆ ಹೊಸ್ದ್ರಲ್ಲಿ ಯಾರೋ ಹೇಳಿದ್ರು, ಮಾಡ್ತಾ ಬಂದೆ,” ಎಂದರು. ಆಮೇಲೆ, “ಅದ್ನ ಬುಡಿ. ಕಿವಿ ವಿಚಾರ ಭಾನುಗೆ ಇವತ್ತೇ ಹೇಳಿ. ಮಗಳ ಹತ್ರ ಮುಚ್ಚಿಟ್ಟು ಮುಚ್ಚಿಟ್ಟು ನಂಗೆ ಸಾಕಾಗೈತೆ,” ಎಂದರು.

ಬಸ್ಸಿನಲ್ಲಿ ಹೆಂಡತಿಯನ್ನು ಎಡಕ್ಕೆ ಕೂರಿಸಿಕೊಂಡು ಮೇಷ್ಟ್ರು ಎರಡು ವರ್ಷದಿಂದ ಮಂದವಾಗುತ್ತ ಬಂದ ಕಿವಿಯ ವಿಷಯ, ಗ್ರೂಪಿನ ವಿಷಯ ಎಲ್ಲ ಹೇಳಿದರು. ಅವಳು ಅಳುತ್ತಾಳೆ, ಸಮಾಧಾನ ಮಾಡಬೇಕಾಗುತ್ತದೆ ಎಂದು ಎರಡು ವಾಕ್ಯ ಸಿದ್ಧಮಾಡಿಕೊಂಡಿದ್ದರು. ಭಾನುಪ್ರಿಯಾಗೆ ಅಳುವಲ್ಲ, ಸಿಟ್ಟು ಬಂತು.

“ಅಲ್ಲಾರೀ, ಎರಡು ವರ್ಷದಿಂದ ನಿಮ್ಮ ಬಲಗಡೆ ಮಲಗ್ಕೊಂಡು ಮನೆ ಕಷ್ಟಸುಖ ಎಲ್ಲಾ ಹೇಳ್ತಿದೀನಲ್ಲ, ಅದೆಲ್ಲ ಯಾರಿಗೆ ಹೇಳ್ದಂಗಾಯ್ತು? ನೀವು ಹ್ಞೂಂ ಹ್ಞೂಂ ಅಂತಿದ್ರಲ್ಲ?”

ಅದಕ್ಕೂ ಅವರು ಹ್ಞೂಂ ಎಂದರು. ಮುಂದಿನ ಸೀಟಿನಲ್ಲಿದ್ದ ಇಂಪನಾ ತಿರುಗಿ, ಇಷ್ಟಕ್ಕೆಲ್ಲ ಗ್ರೂಪೇ ಬೇಕಿರಲಿಲ್ಲ, ಅವರವರ ನಂಬರಿಗೆ ಅವರೇ ಕಳಿಸಿಕೊಳ್ಳುವ ಅನುಕೂಲ ಈಗ ವಾಟ್ಸಾಪಿನಲ್ಲೇ ಇದೆ ಎಂದು ತಿಳಿಸಿದಳು. ಎರಡು ಸಲ ಒತ್ತಿದರೆ ಸಾಕಂತೆ. ಮೇಷ್ಟ್ರು ಮನೆ ತಲುಪುವವರೆಗೂ ಕಿಟಕಿಯ ಹೊರಗೆ ತೆಂಗಿನಮರ ಎಣಿಸಿದರು.

ಮಾರನೆಯ ದಿನ ಗ್ರೂಪ್ ತೆರೆದಾಗ ಅದರಲ್ಲಿ ಸಣ್ಣಕ್ಷರದ ಒಂದು ಸಾಲು ಬಿದ್ದಿತ್ತು. ‘ಅತ್ತೆ ಕಂದಿಕೆರೆ’ ಗ್ರೂಪಿನಿಂದ ಹೊರಗೆ ಹೋಗಿದ್ದರು. ಸೊಸೆಯ ಕೈಲಿ ಕೇಳಿ ತಿಳಿದುಕೊಂಡು ತಾವೇ ಮಾಡಿದ್ದಂತೆ. ಈಗ ‘ನಾನು’ ಗ್ರೂಪಿನಲ್ಲಿ ನಿಜವಾಗಿ ಮೇಷ್ಟ್ರೊಬ್ಬರೇ ಉಳಿದರು. ಬಯಸಿದ್ದು ಇದನ್ನೇ, ಆದರೂ ಬರೆಯಲು ಕೂತರೆ ಕಾರ್ಯಕ್ರಮದ ಪಟ್ಟಿ ಬಿಟ್ಟು ಬೇರೇನೂ ಹೊರಡದು. ಒಂದು ವಾರ ಹಾಗೇ ಕಳೆದು, ಶನಿವಾರ ಬೆಳಿಗ್ಗೆ, ಅತ್ತೆ ಹಾಲು ಕರೆದು ಬಂದಿರುವ ಹೊತ್ತು ನೋಡಿಕೊಂಡು ಫೋನು ಮಾಡಿದರು. ಯಾಕೆ ಮಾಡಿದ್ದೆಂದು ಅವರಿಗೂ ಗೊತ್ತಿರಲಿಲ್ಲ. ಹಸು ಹೇಗಿದೆ ಎಂದು ಕೇಳಿದರು. ಹೊಂಬಾಳಮ್ಮ ಮುಕ್ಕಾಲು ಗಂಟೆ ಹೇಳಿದರು. ಆಮೇಲೆ ಅದು ವಾರದ ಪದ್ಧತಿಯಾಯಿತು.

ಕಿವಿಯ ಮೆಷಿನ್ ಬಂತು. ಮೊದಲ ವಾರ ಮೇಷ್ಟ್ರಿಗೆ ಲೋಕವೆಲ್ಲ ಪಾತ್ರೆ ತೊಳೆಯುತ್ತಿರುವಂತೆ ಕೇಳಿತು. ಮೈಕಿನ ಹತ್ತಿರ ಹೋದರೆ ಅದು ಒಮ್ಮೊಮ್ಮೆ ಕುಯ್ ಎನ್ನುತ್ತಿತ್ತು. ಮುಚ್ಚಿಡುವ ಚಾತುರ್ಯ ತಮಗಿಲ್ಲವೆಂದು ಈಗ ಗೊತ್ತಾಗಿತ್ತಾದ್ದರಿಂದ, ಸಭೆಗೆ ಮೊದಲೇ ಹೇಳಿಬಿಡುತ್ತಿದ್ದರು. ನಿರೂಪಣೆಗೆ ಕರೆಯುವವರೇನೂ ಕಡಿಮೆಯಾಗಲಿಲ್ಲ. ಮೂರು ತಾಲ್ಲೂಕಿಗೆ ತಮ್ಮ ಕಿವಿಯ ಮೇಲೆ ಅಷ್ಟೊಂದು ಗಮನವಿಲ್ಲ ಎಂಬುದು ಅವರಿಗೆ ಸ್ವಲ್ಪ ನಿರಾಸೆಯನ್ನೇ ತಂದಿತು.

ಮಾಘದಲ್ಲಿ ತುಮಕೂರಿನಲ್ಲಿ ಮಹಿಳಾ ಸಂಘಗಳ ಸಮಾವೇಶವಿತ್ತು. ಹೊಂಬಾಳಮ್ಮನವರಿಗೆ ಐದು ನಿಮಿಷ ಮಾತಾಡಲು ಹೇಳಿದ್ದರು. ಅಷ್ಟು ಜನರೆದುರು ಎಂದೂ ನಿಂತವರಲ್ಲ. ಅಳಿಯನಿಗೆ ಫೋನು ಮಾಡಿ ಎರಡು ಮಾತು ಬರೆದುಕೊಡಿ ಎಂದರು. ಮೇಷ್ಟ್ರು ಎರಡು ಪುಟ ಬರೆದು, ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ, ತಾವೇ ಜೊತೆಯಲ್ಲಿ ಹೋದರು. ಹೊಂಬಾಳಮ್ಮ ಮೈಕಿನ ಮುಂದೆ ನಿಂತು ಮೂರು ಸಾಲು ಓದಿದರು. ನಾಲ್ಕನೆಯದರಲ್ಲಿ ‘ಕ್ಷೀರಕ್ರಾಂತಿಯ ಕಹಳೆ’ ಎಂದಿತ್ತು. ಅವರು ಹಾಳೆ ಮಡಚಿ ಸೆರಗಿಗೆ ಸಿಕ್ಕಿಸಿಕೊಂಡು, ತಮ್ಮ ಸಂಘದಲ್ಲಿ ಹಾಲಿಗೆ ನೀರು ಹಾಕಿ ತರುತ್ತಿದ್ದ ಹೆಂಗಸೊಬ್ಬಳನ್ನು ಹೊರಗೆ ಹಾಕದೆ, ಹಾಲು ಅಳೆಯುವ ಕೆಲಸಕ್ಕೇ ಇಟ್ಟುಕೊಂಡ ಕತೆ ಹೇಳಿದರು. ಸಭಾಂಗಣವೆಲ್ಲ ನಕ್ಕಿತು, ಆಮೇಲೆ ಸುಮ್ಮನಾಗಿ ಕೇಳಿತು. ಕೊನೆಯ ಸಾಲಿನಲ್ಲಿ ಕೂತಿದ್ದ ಮೇಷ್ಟ್ರಿಗೆ ಒಂದು ಅಕ್ಷರವೂ ತಪ್ಪಲಿಲ್ಲ.

ಹೊರಗೆ ಬಂದ ಮೇಲೆ, ಹೆಂಗಿತ್ತು ಎಂದು ಅತ್ತೆ ಕೇಳಿದರು. ತಾವು ಬರೆದುಕೊಟ್ಟ ಮೊದಲ ಮೂರು ಸಾಲು ಬಿಟ್ಟರೆ ಮಿಕ್ಕದ್ದೆಲ್ಲ ಚೆನ್ನಾಗಿತ್ತು ಎಂದು ಮೇಷ್ಟ್ರು ಹೇಳಿದರು. ಇಬ್ಬರೂ ಬಸ್‌ ಸ್ಟ್ಯಾಂಡಿನ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಗುಬ್ಬಿ ಮೇಲೆ ಊರಿಗೆ ಹೋಗುವ ಬಸ್ಸು ಹತ್ತಿದರು.